ಚಿಕ್ಕ ಲೈಸೆನ್ಸು

ಭಾನುವಾರ ಚರ್ಚು ಮುಗಿಸಿ ಬಂದು ಎಲ್ಲರೂ ಊಟಕ್ಕೆ ಕೂತಾಗ ಇವ್ರೋಸ್ ಮೊದಲ ತಟ್ಟೆಯನ್ನು ಮಗಳು ಗೆರ್ಲಿನ್ ಮುಂದೆ ಇಟ್ಟಳು. ಆ ಮನೆಯಲ್ಲಿ ಮೊದಲ ತಟ್ಟೆ ಅಜ್ಜಿಯದು, ಎರಡನೆಯದು ಯಜಮಾನ ಲುಕ್ನೇರನದು. ಮಗಳಾದವಳು ತನಗೆ ಬೇಕಾದ್ದನ್ನು ತಾನೇ ಬಡಿಸಿಕೊಳ್ಳಬೇಕು. ಹೇಟಿ ಬಿಟ್ಟು ಮಯಾಮಿಗೆ ಬಂದು ಇಷ್ಟು ವರ್ಷವಾದರೂ ಈ ಕ್ರಮ ಮಾತ್ರ ತಪ್ಪಿರಲಿಲ್ಲ. ಅಜ್ಜಿ ತನ್ನ ಮುಂದಿನ ಖಾಲಿ ಜಾಗ ನೋಡಿದಳು. ಮೊಮ್ಮಗಳ ತಟ್ಟೆಯಲ್ಲಿದ್ದ ಹುರಿದ ಹಂದಿಮಾಂಸದ ದಪ್ಪ ತುಂಡುಗಳನ್ನು ನೋಡಿದಳು.

"ನಾನಿನ್ನೂ ಸತ್ತಿಲ್ಲ ಅಂತ ಯಾರಾದ್ರೂ ಇವಳಿಗೆ ಹೇಳ್ರಪ್ಪ," ಅಂದಳು.

"ನಿಮಗೂ ಬರುತ್ತೆ ಅತ್ತೆ. ಇವತ್ತು ಮೊದಲು ಮಿಸ್‌ಗೆ."

ಹೇಟಿಯವರು ನರ್ಸನ್ನು ಮಿಸ್ ಅನ್ನುತ್ತಾರೆ. ಬಿಳಿ ಬಟ್ಟೆ ಹಾಕಿಕೊಂಡು ಮಿಸ್ ಬೀದಿಯಲ್ಲಿ ನಡೆದರೆ ಮಾತಾಡುತ್ತಿದ್ದವರು ಮಾತು ನಿಲ್ಲಿಸಿ ದಾರಿ ಬಿಡುತ್ತಿದ್ದ ಊರಿನವಳು ಇವ್ರೋಸ್. ಅವಳಿಗೂ ಮಿಸ್ ಆಗುವ ಆಸೆಯಿತ್ತು. ಆಗಲಿಲ್ಲ, ಮಯಾಮಿಯ ಒಂದು ವೃದ್ಧಾಶ್ರಮದಲ್ಲಿ ಆಯಾ ಆದಳು. ಮುದುಕರ ಮೈ ಒರೆಸಿ, ಚಡ್ಡಿ ಬದಲಿಸಿ, ತುತ್ತು ಕೊಟ್ಟು ಅವಳ ಸೊಂಟ ಬಿದ್ದುಹೋಗಿತ್ತು. ಈಗ ಮಗಳು ನರ್ಸಿಂಗ್ ಕಾಲೇಜಿನಲ್ಲಿ ಮೊದಲ ವರ್ಷ ಪಾಸಾಗಿದ್ದಳು. ಇನ್ನೊಂದು ವರ್ಷ ಕಳೆದರೆ ಪೂರ್ತಿ ನರ್ಸು.

"ಇನ್ನೂ ಆಗಿಲ್ಲಮ್ಮ," ಅಂದಳು ಗೆರ್ಲಿನ್.

"ಆಗಬಹುದು. ಅದನ್ನೇ ಹೇಳಕ್ಕೆ ಹೊರಟೆ. ಕೇಳು, ಮೊದಲ ವರ್ಷ ಮುಗಿಸಿದೋರು ಒಂದು ಪರೀಕ್ಷೆ ಕಟ್ಟಿದ್ರೆ ಚಿಕ್ಕ ಲೈಸೆನ್ಸ್ ಕೊಡ್ತಾರಂತೆ. ದೊಡ್ಡದಕ್ಕೆ ಓದ್ತಾ ಓದ್ತಾನೇ ಚಿಕ್ಕ ನರ್ಸಾಗಿ ಕೆಲಸ ಮಾಡಬಹುದು. ನಮ್ಮಲ್ಲೇ ಶನಿವಾರ ಭಾನುವಾರಕ್ಕೆ ಜನ ಬೇಕು ಅಂತಿದಾರೆ. ನೀನು ಯಾಕೆ ನನ್ನ ಜೊತೆ ಬಂದು ಚಡ್ಡಿ ಬದಲಿಸ್ತಾ ಇರಬೇಕು?"

ಓದಿನ ಖರ್ಚಿಗೆಂದು ಗೆರ್ಲಿನ್ ಕೂಡ ಅಮ್ಮನ ವೃದ್ಧಾಶ್ರಮದಲ್ಲೇ ವಾರದ ಕೊನೆಗೆ ಆಯಾ ಕೆಲಸ ಮಾಡುತ್ತಿದ್ದಳು. ಅವಳು ಅನ್ನ ಕಲಸಿದಳು. ಉತ್ತರ ಕೊಟ್ಟವನು ಲುಕ್ನೇರ್. ಅವನು ಸ್ಕೂಲ್ ಬಸ್ ಓಡಿಸುವವನು. ಎಲ್ಲವನ್ನೂ ಬಸ್ಸಿನ ಲೆಕ್ಕದಲ್ಲೇ ಹೇಳುವುದು ಅವನ ಚಾಳಿ.

"ಅರ್ಧ ದಾರೀಲಿ ಇಳಿದೋರು ಮತ್ತೆ ಬಸ್ ಹತ್ತಿದ್ದು ನಾನು ನೋಡಿಲ್ಲ," ಅಂದ. "ಚರ್ಚಿನ ಜಿಸ್ಲೆನ್ ಮಗಳನ್ನ ನೋಡು. ಚಿಕ್ಕ ಲೈಸೆನ್ಸ್ ಬಂತು, ಕೈಗೆ ಸಂಬಳ ಬಂತು, ಒಂದೇ ಒಂದು ಟರ್ಮ್ ಬಿಡ್ತೀನಿ ಅಂದ್ಲು. ಈಗ ಎರಡು ಮಕ್ಕಳು. ಎಲ್ಲಿ ಹೋಯ್ತು ದೊಡ್ಡದು?"

"ಜಿಸ್ಲೆನ್ ಮಗಳಿಗೆ ತಲೆ ಇರಲಿಲ್ಲ."

"ತಲೆ ಇತ್ತು. ಕಾರಿನ ಕಂತೂ ಇತ್ತು."

"ನಿಮ್ಮ ಮಗಳು ಮೇಲೆ ಬಂದ್ರೆ ನಿಮಗೇ ಹೊಟ್ಟೆಕಿಚ್ಚು."

"ಇಬ್ಬರೂ ಜಗಳ ಆಡ್ತಾ ಇರಿ," ಅಂದಳು ಅಜ್ಜಿ. "ಅಷ್ಟರೊಳಗೆ ನನ್ನ ತಟ್ಟೆ ಬಂದ್ರೆ ಸಾಕು."

ಆ ವಾರವೆಲ್ಲ ಇವ್ರೋಸಳದು ಅದೇ ಮಾತು. ಬಟ್ಟೆ ಮಡಚುವಾಗ ಅದು, ಬಾಳೆಕಾಯಿ ಕರಿಯುವಾಗ ಅದು, ಫೋನಿನಲ್ಲಿ ಚರ್ಚಿನ ಹೆಂಗಸರ ಜೊತೆಗೂ ಅದೇ. ಬೆಳಿಗ್ಗೆ ಬಚ್ಚಲ ಬಾಗಿಲು ತಟ್ಟಿ, "ಮಿಸ್, ಬೇಗ ಬಾ, ನನಗೂ ಡ್ಯೂಟಿ ಇದೆ," ಅನ್ನುವಳು. ತಮಾಷೆ ಅನ್ನುವಂತೆ ಅನ್ನುತ್ತಿದ್ದಳು. ಆದರೆ ಆ ಪದ ಅವಳ ಬಾಯಲ್ಲಿ ಬೆಲ್ಲದಂತೆ ಕರಗುತ್ತಿದ್ದುದು ಗೆರ್ಲಿನ್‌ಗೆ ಕೇಳಿಸುತ್ತಿತ್ತು.

ಗೆರ್ಲಿನ್ ಕಾಲೇಜಿನ ಮೇಡಂ ಹತ್ತಿರ ಹೋಗಿ ಕೇಳಿದಳು. ಆಸ್ಪತ್ರೆಯಲ್ಲಿ ತಲೆ ನೆರೆಸಿಕೊಂಡು ಆಮೇಲೆ ಪಾಠಕ್ಕೆ ಬಂದ ಹೆಂಗಸು ಆಕೆ. ಬೇಡ ಅನ್ನಲಿಲ್ಲ, ತಗೋ ಅಂತಲೂ ಅನ್ನಲಿಲ್ಲ.

"ಒಳ್ಳೇದೇ," ಅಂದರು. "ಕೈ ಪಳಗುತ್ತೆ, ನಾಲ್ಕು ಕಾಸು ಬರುತ್ತೆ. ಆದ್ರೆ ಒಂದು ತಿಳ್ಕೋ. ಈಗ ನೀನು ಆಯಾ. ತಪ್ಪು ಕಂಡ್ರೆ ನರ್ಸಿಗೆ ಹೇಳ್ತೀಯ, ಅಲ್ಲಿಗೆ ನಿನ್ನ ಕೆಲಸ ಮುಗೀತು. ಲೈಸೆನ್ಸ್ ಬಂದ ಮೇಲೆ ಜನ ಬಂದು ಹೇಳೋದು ನಿನಗೇ. ಕಂಡಿದ್ದಕ್ಕೆಲ್ಲ ನೀನೇ ಹೊಣೆ. ಕಂಡೂ ಕಾಣದ ಹಾಗೆ ಇರೋಕೆ ಆಮೇಲೆ ಆಗಲ್ಲ. ಅಲ್ಲೇನಾದ್ರೂ ಎಡವಟ್ಟಾದ್ರೆ ದೊಡ್ಡ ಲೈಸೆನ್ಸಿಗೂ ಕುತ್ತು."

ಬೇಡ ಎಂದೇ ಗೆರ್ಲಿನ್ ಅಂದುಕೊಂಡಳು. ಒಂದು ವರ್ಷ ತಾನೆ, ಹೇಗೋ ತಳ್ಳಬಹುದು.

ಆ ಶನಿವಾರ ಅಮ್ಮ ಮಗಳು ಇಬ್ಬರಿಗೂ ಒಂದೇ ವಾರ್ಡಿನಲ್ಲಿ ಡ್ಯೂಟಿ. ಅವತ್ತಿನ ಚಿಕ್ಕ ನರ್ಸು ಕೆಲ್ಸಿ ಎಂಬ ಹುಡುಗಿ, ಗೆರ್ಲಿನ್‌ಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಮಧ್ಯಾಹ್ನದ ಊಟದ ತಟ್ಟೆಗಳನ್ನು ಇವ್ರೋಸ್ ಮೊದಲು ಎಡಗಡೆಯ ಕೋಣೆಗಳಿಗೆ ಕೊಟ್ಟಿದ್ದಳು. ಬಲಗಡೆಯಿಂದ ಕೊಡು ಅಂತ ಕೆಲ್ಸಿ ಹೇಳಿದ್ದಳಂತೆ. ವಾರ್ಡಿನ ನಡುವೆ, ಗಾಲಿಕುರ್ಚಿಯ ಮುದುಕರ ಎದುರು, ಕೆಲ್ಸಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಇವ್ರೋಸ್, ಎರಡು ಸಲ ಹೇಳಿದೆ. ನಿನಗೆ ಇಂಗ್ಲಿಷ್ ಅರ್ಥ ಆಗುತ್ತೆ ತಾನೆ?"

"ಆಗುತ್ತೆ ಮಿಸ್," ಅಂದಳು ಇವ್ರೋಸ್. "ಸಾರಿ ಮಿಸ್."

ಆಮೇಲೆ ಬಗ್ಗಿ ತಟ್ಟೆಗಳ ಗಾಡಿಯನ್ನು ತಿರುಗಿಸಿದಳು. ಒಂದು ಚಕ್ರ ಸಿಕ್ಕಿಕೊಂಡಿತ್ತು. ಅದನ್ನು ಕಾಲಿನಿಂದ ಒದ್ದು ಸರಿಮಾಡುವಾಗ ಮಗಳು ಬಾಗಿಲಲ್ಲಿ ನಿಂತದ್ದನ್ನು ಕಂಡಳು. ಕಂಡು, ಏನೂ ಆಗದವಳ ಹಾಗೆ ನಕ್ಕಳು. ಬೈಗುಳಕ್ಕಿಂತ ಆ ನಗು ಗೆರ್ಲಿನ್‌ಗೆ ಹೆಚ್ಚು ಉರಿಸಿತು.

ಮನೆಗೆ ಬಂದವಳೇ ಚೀಲ ಕೆಳಗಿಡದೆ ಹೇಳಿದಳು: "ಪರೀಕ್ಷೆ ಕಟ್ತೀನಿ."

ಇವ್ರೋಸ್ ಅಕ್ಕಿ ತೊಳೆಯುತ್ತಿದ್ದಳು. ನೀರು ಚೆಲ್ಲಿದಳು, ಇನ್ನೊಂದು ನೀರು ಹಾಕಿದಳು. "ಕೆಲ್ಸಿಗೋಸ್ಕರ ಕಟ್ಟಬೇಡ," ಅಂದಳು.

"ಕೆಲ್ಸಿಗೋಸ್ಕರ ಅಲ್ಲ."

"ಹಾಗಾದ್ರೆ ಸರಿ," ಅಂದಳು. ಅವತ್ತು ಅನ್ನಕ್ಕೆ ಕಾಳಿನ ಜೊತೆ ಒಣ ಅಣಬೆಯೂ ಬಿತ್ತು. ಅದು ಹಬ್ಬದ ಅನ್ನ. ಲುಕ್ನೇರ್ ಉಂಡು ಎದ್ದು, "ಇಳಿದ್ಲು ನೋಡು," ಎಂದಷ್ಟೇ ಹೇಳಿ ಕೈ ತೊಳೆದ.

ಪರೀಕ್ಷೆ ಪಾಸಾಯಿತು. ಚರ್ಚಿನ ಹೆಂಗಸರು ಬಂದರು, ಪಾದ್ರಿ ಬಂದು ಗೆರ್ಲಿನ್ ತಲೆಯ ಮೇಲೆ ಕೈಯಿಟ್ಟು ಊಟ ತಣ್ಣಗಾಗುವಷ್ಟು ಹೊತ್ತು ಪ್ರಾರ್ಥನೆ ಮಾಡಿದರು. ಇವ್ರೋಸ್ ಎಲ್ಲರಿಗೂ ಒಂದೇ ಮಾತು: "ನಮ್ಮ ಮಿಸ್." ಚಿಕ್ಕದೋ ದೊಡ್ಡದೋ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಜ್ಜಿ ಮಾತ್ರ ಮೂಲೆಯ ಕುರ್ಚಿಯಿಂದ, "ಅರ್ಧ ಬೆಂದ ಅನ್ನಕ್ಕೆ ಇಷ್ಟು ಜನ. ಪೂರ್ತಿ ಬೆಂದ ದಿನ ಸ್ಟೇಡಿಯಂ ಹಿಡೀಬೇಕಾಗುತ್ತೆ," ಅಂದಳು. ಹೆಂಗಸರು ನಕ್ಕರು. ಇವ್ರೋಸ್ ನಗಲಿಲ್ಲ.

ವೃದ್ಧಾಶ್ರಮದವರು ಗೆರ್ಲಿನ್‌ಗೆ ವಾರದ ಕೊನೆಯ ನರ್ಸ್ ಕೆಲಸ ಕೊಟ್ಟರು. ಅದೇ ವಾರ್ಡು. ಔಷಧಿ ಗಾಡಿ ಅವಳದು, ಗಾಡಿಯ ಬೀಗದ ಕೈ ಅವಳ ಕೊರಳಲ್ಲಿ. ಆಯಾಗಳಿಗೆ ಯಾರನ್ನು ಯಾವಾಗ ಸ್ನಾನ ಮಾಡಿಸಬೇಕು, ಯಾರಿಗೆ ಏನು ಉಣಿಸಬೇಕು ಎಂದು ಹೇಳುವವಳು ಅವಳು. ಆ ಆಯಾಗಳಲ್ಲಿ ಅಮ್ಮನೂ ಒಬ್ಬಳು.

ಮೊದಮೊದಲು ಚೆಂದವಾಗಿಯೇ ಇತ್ತು. "ಹನ್ನೊಂದನೇ ಕೋಣೆಯವರನ್ನ ಎಬ್ಬಿಸಿ ಕೂರಿಸು ಅಮ್ಮ," ಅಂದರೆ ಇವ್ರೋಸ್ ಸೆಟೆದು ನಿಂತು, "ಸರಿ ಮಿಸ್," ಅನ್ನುವಳು. ಬೇರೆ ಆಯಾಗಳು ನಗುವರು. ಸಂಜೆ ಮನೆಯಲ್ಲಿ ಬಾಣಲೆ, ಪಾತ್ರೆ ಎಲ್ಲ ಸಿಂಕಿನಲ್ಲಿ ಗುಡ್ಡೆಹಾಕಿ, "ಇಲ್ಲಿ ದೊಡ್ಡ ನರ್ಸು ನಾನು. ತಿಕ್ಕು," ಅನ್ನುವಳು. ಗೆರ್ಲಿನ್ ನಗುತ್ತಲೇ ತಿಕ್ಕುವಳು. ಭಾನುವಾರದ ಬೆಳಿಗ್ಗೆಯ ಕುಂಬಳಕಾಯಿ ಸೂಪಿನಲ್ಲಿ ಮಗಳ ಪಾಲನ್ನು ಬಟ್ಟಲಲ್ಲಿ ಹಾಕಿ, ಮೇಲೊಂದು ತಟ್ಟೆ ಮುಚ್ಚಿ ಒಲೆಯ ಹಿಂದೆ ಇಡುವುದು ಇವ್ರೋಸಳ ಪದ್ಧತಿ. ಡ್ಯೂಟಿ ಮುಗಿಸಿ ಎಷ್ಟು ಹೊತ್ತಿಗೆ ಬಂದರೂ ಆ ಬಟ್ಟಲು ಅಲ್ಲಿರುತ್ತಿತ್ತು. ಮಾಂಸ ಉಳಿದವರಿಗಿಂತ ಹೆಚ್ಚೇ ಇರುತ್ತಿತ್ತು.

ಆದರೆ ಅಮ್ಮನಿಗೆ ಕೆಲಸ ಹೇಳುವುದು ಬೇರೆ, ಅಮ್ಮನ ಕೆಲಸದಲ್ಲಿ ಹುಳುಕು ತೋರಿಸುವುದು ಬೇರೆ. ಒಂದು ಶನಿವಾರ ಇವ್ರೋಸ್ ಒಬ್ಬ ಮುದುಕನನ್ನು ಒಬ್ಬಳೇ ಎತ್ತಿ ಕುರ್ಚಿಗೆ ಹಾಕಿದಳು. ಇಬ್ಬರು ಎತ್ತಬೇಕೆಂಬ ನಿಯಮ. ಬೆವರ್ಲಿ ಎಂಬ ಜಮೈಕಾದ ಆಯಾ ಅದನ್ನು ಕಂಡು, "ನಮಗಾದ್ರೆ ಬಯ್ತೀಯ, ನಿಮ್ಮಮ್ಮನಿಗೆ ಬೇರೆ ಕಾನೂನಾ?" ಎಂದು ಗೆರ್ಲಿನ್‌ಗೆ ಎದುರೇ ಕೇಳಿದಳು. ಗೆರ್ಲಿನ್ ಅಮ್ಮನನ್ನು ಕರೆದಳು.

"ಇನ್ನೊಬ್ಬರನ್ನ ಕರೀಬೇಕಿತ್ತು," ಅಂದಳು.

"ಕರೆದೆ. ಯಾರೂ ಬರಲಿಲ್ಲ. ಅವನು ಒದ್ದೆಯಾಗಿ ಕೂತಿದ್ದ."

"ಆದ್ರೂ ಕಾಯಬೇಕಿತ್ತು."

ಎಲ್ಲರೂ ನೋಡುತ್ತಿದ್ದರು. "ಸರಿ ಮಿಸ್," ಅಂದಳು ಇವ್ರೋಸ್. ಕೆಲ್ಸಿಗೆ ಹೇಳಿದ ಅದೇ ದನಿಯಲ್ಲಿ ಹೇಳಿದಳು.

ಅವತ್ತು ಸಂಜೆ ಮನೆಯಲ್ಲಿ ಪಾತ್ರೆ ಎಲ್ಲ ತೊಳೆದಿಟ್ಟಿದ್ದವು. ಗೆರ್ಲಿನ್‌ಗೆ ತಿಕ್ಕಲು ಒಂದು ಚಮಚವೂ ಇರಲಿಲ್ಲ.

"ನನಗೆ ನೀನು ಎತ್ತೋದು ಕಲಿಸ್ಬೇಕಾ?" ಎಂದು ಊಟದ ನಡುವೆ ಇವ್ರೋಸ್ ಇದ್ದಕ್ಕಿದ್ದಂತೆ ಕೇಳಿದಳು. "ನಿನ್ನನ್ನ ಎತ್ತಿದ್ದು ಯಾರು? ಇಬ್ಬರು ಬಂದಿದ್ರಾ?"

"ಅಮ್ಮ, ಬೆವರ್ಲಿ ಮುಂದೆ ನಾನೇನು ಹೇಳ್ಬೇಕಿತ್ತು?"

"ಬೆವರ್ಲಿ ಮುಂದೆ ಏನೂ ಹೇಳಬಾರದಿತ್ತು. ಮನೆಗೆ ಬಂದು ಹೇಳಬಹುದಿತ್ತು."

"ನೀನೇ ತಾನೆ ತಗೋ ತಗೋ ಅಂದಿದ್ದು."

"ಹೂಂ, ನಾನೇ ಅಂದಿದ್ದು," ಅಂದಳು ಇವ್ರೋಸ್. "ನನ್ನ ತಲೆ ಮೇಲೆ ಕೂತ್ಕೋ ಅಂತ ಅಂದಿರಲಿಲ್ಲ."

ಲುಕ್ನೇರ್ ಬಾಯಿ ತೆರೆದ. "ನೀವು ಬಸ್ಸಿನ ಸುದ್ದಿ ಎತ್ತಿದ್ರೆ ನಾನು ಊಟ ಬಿಟ್ಟು ಎದ್ದೇಳ್ತೀನಿ," ಎಂದು ಇವ್ರೋಸ್ ಅವನ ಕಡೆ ತಿರುಗಿದಳು. ಅವನು ತೆರೆದ ಬಾಯಿಗೆ ತುತ್ತು ಹಾಕಿಕೊಂಡ.

ಹೊಸ ವರ್ಷದ ಮುನ್ನಾದಿನ ಮನೆತುಂಬ ಕುಂಬಳಕಾಯಿ ಬೇಯುವ ವಾಸನೆ. ವರ್ಷದ ಮೊದಲ ದಿನ ಆ ಸೂಪು ಕುಡಿಯದ ಹೇಟಿಯ ಮನೆ ಇಲ್ಲ. "ಬಿಳಿ ಒಡೆಯರ ಕಾಲದಲ್ಲಿ ಗುಲಾಮರಾಗಿದ್ದ ನಮ್ಮೋರು ಇದನ್ನ ಮಾಡಿಕೊಡಬೇಕಿತ್ತು, ಕುಡಿಯೋ ಹಾಗಿರಲಿಲ್ಲ," ಎಂದು ಅಜ್ಜಿ ಎಲೆಕೋಸು ಹೆಚ್ಚುತ್ತಾ ಪ್ರತಿವರ್ಷದ ಮಾತನ್ನು ಆ ವರ್ಷವೂ ಹೇಳಿದಳು. "ಇದೇ ಜನವರಿ ಒಂದಕ್ಕೆ ಸ್ವಾತಂತ್ರ್ಯ ಬಂತು, ಅವತ್ತು ಎಲ್ಲರೂ ಕುಡಿದ್ರು. ಒಂದನೇ ತಾರೀಕು ಇದು ಗಂಟಲಿಗೆ ಇಳೀಲಿಲ್ಲ ಅಂದ್ರೆ ನೀನು ಇನ್ನೂ ಯಾರದೋ ಆಳು ಅಂತ ಅರ್ಥ."

ಹಬ್ಬದ ದಿನ ಕೆಲಸ ಮಾಡಿದರೆ ಸಂಬಳ ಹೆಚ್ಚು. ತಾಯಿ ಮಗಳು ಇಬ್ಬರೂ ಡ್ಯೂಟಿ ಹಾಕಿಸಿಕೊಂಡಿದ್ದರು. ಬೆಳಿಗ್ಗೆ ನಿಂತುಕೊಂಡೇ ಸೂಪು ಕುಡಿದು ಹೊರಟಾಗ ಇವ್ರೋಸಳ ಚೀಲದಲ್ಲಿ ಒಂದು ಫ್ಲಾಸ್ಕು ಇತ್ತು. ಮಧ್ಯಾಹ್ನಕ್ಕೆ ಅಮ್ಮ ಕುಡಿಯಲು ಇರಬೇಕೆಂದುಕೊಂಡು ಗೆರ್ಲಿನ್ ಕೇಳಲಿಲ್ಲ.

ಆ ವಾರ್ಡಿನ ಕೊನೆಯ ಕೋಣೆಯಲ್ಲಿ ಮದಾಮ್ ಓಸ್ನೆಲ್ ಇದ್ದಳು. ಅವರದೇ ಊರಿನ ಕಡೆಯವಳು, ಒಂದು ಕಾಲಕ್ಕೆ ಸಂತೆಯಲ್ಲಿ ಬಟ್ಟೆ ವ್ಯಾಪಾರ ಮಾಡಿ ಎಂಟು ಮಕ್ಕಳನ್ನು ಸಾಕಿದವಳು. ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಗಿತ್ತು. ಮಾತೂ ಹೋಗಿ ನಾಲ್ಕೈದು ಪದ ಉಳಿದಿದ್ದವು. ನುಂಗುವುದೂ ಕಷ್ಟ. ನೀರು ಕೊಟ್ಟರೂ ಅದಕ್ಕೆ ಪುಡಿ ಕಲಸಿ ಗಂಜಿಯ ಹಾಗೆ ಗಟ್ಟಿ ಮಾಡಿಯೇ ಕೊಡಬೇಕು, ಇಲ್ಲದಿದ್ದರೆ ಅದು ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಇಳಿಯುತ್ತದೆ. ಅವಳ ಮಂಚದ ತಲೆಕಡೆ ಗೋಡೆಗೆ ಅದನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದರು.

ಅವತ್ತು ಬೆಳಗಿನಿಂದ ಮದಾಮ್ ಓಸ್ನೆಲ್ ಒಂದೇ ಪದ ಹೇಳುತ್ತಿದ್ದಳು. ಸೂಪ್. ಬೆವರ್ಲಿ ಹೋದಾಗ ಸೂಪ್, ವೈದ್ಯರು ಬಂದಾಗ ಸೂಪ್. ಯಾರಿಗೂ ಅದು ಯಾವ ಸೂಪೆಂದು ತಿಳಿಯಲಿಲ್ಲ, ಅಡುಗೆಮನೆಯಿಂದ ಕೋಳಿಯ ತಿಳಿಸಾರಿಗೆ ಪುಡಿ ಕಲಸಿ ತಂದುಕೊಟ್ಟರು. ಮುದುಕಿ ಎಡಗೈಯಿಂದ ಅದನ್ನು ತಳ್ಳಿದಳು.

ಗೆರ್ಲಿನ್ ಔಷಧಿ ಗಾಡಿ ತಳ್ಳಿಕೊಂಡು ಆ ಕೋಣೆಯ ಬಾಗಿಲಿಗೆ ಬಂದಾಗ ಫ್ಲಾಸ್ಕಿನ ಮುಚ್ಚಳ ತೆರೆದಿತ್ತು. ಇವ್ರೋಸ್ ಮಂಚದ ಅಂಚಿನಲ್ಲಿ ಕೂತು ಚಮಚ ಊದುತ್ತಿದ್ದಳು. ಮದಾಮ್ ಓಸ್ನೆಲ್‌ಳ ಕಣ್ಣಲ್ಲಿ ನೀರು.

ಇವ್ರೋಸ್ ತಲೆಯೆತ್ತಿದಳು. "ಕುಂಬಳ ಚೆನ್ನಾಗಿ ಅರೆದಿದೀನಿ. ಗಟ್ಟಿಯಾಗೇ ಇದೆ," ಅಂದಳು ತಮ್ಮ ಭಾಷೆಯಲ್ಲಿ. "ಎರಡೇ ಚಮಚ. ಹೊಸ ವರ್ಷ."

ಕುಂಬಳ ಗಟ್ಟಿಯಾಗಿಯೇ ಇತ್ತು. ಆದರೆ ಬೆಳಿಗ್ಗೆಯಿಂದ ಫ್ಲಾಸ್ಕಿನಲ್ಲಿ ಕೂತು ಮೇಲೆ ತಿಳಿ ನಿಂತಿತ್ತು, ಅದರಲ್ಲಿ ಮಾಂಸದ ಎಳೆ, ಎಲೆಕೋಸಿನ ಚೂರು. ಚಮಚದಿಂದ ತೊಟ್ಟಿಕ್ಕುತ್ತಿದ್ದ ಆ ತಿಳಿ ಬಾಗಿಲಿಗೇ ಕಾಣುತ್ತಿತ್ತು. ಗೆರ್ಲಿನ್‌ಗೆ ಕಂಡಿತು. ಬೇಡ ಅನ್ನಬೇಕಿತ್ತು. ಹಾಗಂದರೆ ಅಮ್ಮ ಚಮಚವನ್ನು ಮುದುಕಿಯ ಬಾಯಿಯ ಹತ್ತಿರದಿಂದ ಹಿಂದಕ್ಕೆ ತೆಗೆಯಬೇಕು. ಸರಿ ಮಿಸ್ ಅನ್ನಬೇಕು. ಆಮೇಲೆ ಮನೆಯಲ್ಲಿ ಮತ್ತೆ ಊಟ ಬಿಟ್ಟು ಏಳುವ ಮಾತು.

"ಭಯ ಪಡಬೇಡಿ," ಎಂದು ಇವ್ರೋಸ್ ಮುದುಕಿಗೆ ಹೇಳುತ್ತಿದ್ದಳು. "ನೋಡಿ, ನಮ್ಮ ಮಿಸ್ ಅಲ್ಲೇ ನಿಂತಿದಾಳೆ. ನೋಡ್ತಿದಾಳೆ. ಅವಳಿರೋವಾಗ ಏನೂ ಆಗಲ್ಲ."

ಗೆರ್ಲಿನ್ ಗಾಡಿಯನ್ನು ಮುಂದಕ್ಕೆ ತಳ್ಳಿದಳು.

ಮೊದಲು ಕೆಮ್ಮು. ಆಮೇಲೆ ತುಟಿ ನೀಲಿಯಾಯಿತು. ಗಂಟಲಿಗೆ ಕೊಳವೆ ಹಾಕಿ ಒಳಗೆ ಇಳಿದದ್ದನ್ನು ಹೊರಗೆಳೆದರು. ಮಧ್ಯಾಹ್ನಕ್ಕೆ ಜ್ವರ ಬಂತು, ಆಂಬುಲೆನ್ಸ್ ಬಂತು. ಮದಾಮ್ ಓಸ್ನೆಲ್‌ಳ ಅಂಗಿಯ ಮೇಲೆ ಹಳದಿ ಕಲೆ, ಮಂಚದ ಪಕ್ಕದ ಮೇಜಿನ ಮೇಲೆ ಫ್ಲಾಸ್ಕು. ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ. ಮುಚ್ಚಳದ ಮೇಲೆ ಇವ್ರೋಸ್ ತನ್ನ ಹೆಸರು ಬರೆದಿದ್ದಳು, ಆಯಾಗಳ ಕೋಣೆಯಲ್ಲಿ ಕಳುವಾಗುತ್ತವೆಂದು.

ಮುದುಕಿ ಸಾಯಲಿಲ್ಲ. ಆಸ್ಪತ್ರೆಯವರು ಹೊಟ್ಟೆಗೆ ತೂತು ಮಾಡಿ ನಳಿಕೆ ಇಟ್ಟರು. ಇನ್ನು ಮುಂದೆ ಬಾಯಿಂದ ಏನೂ ಇಲ್ಲ, ಒಂದು ಹನಿ ನೀರೂ ಇಲ್ಲ ಎಂದರು. ಅವಳ ಮಗ ವೃದ್ಧಾಶ್ರಮಕ್ಕೆ ಬಂದು ಕೂಗಾಡಿದ. ಮೇಲ್ವಿಚಾರಕಿ ಮಿಸೆಸ್ ಹಾಲ್ಕಂ ತಾಯಿ ಮಗಳನ್ನು ಸೋಮವಾರ ಬೆಳಿಗ್ಗೆ ಬರಹೇಳಿದಳು.

ಭಾನುವಾರ ಮನೆಯಲ್ಲಿ ಯಾರೂ ಚರ್ಚಿಗೆ ಹೋಗಲಿಲ್ಲ. ಇವ್ರೋಸ್ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಹಾಕಿದ್ದನ್ನೇ ಮತ್ತೆ ಹಾಕುತ್ತಿದ್ದಳು.

"ಸೂಪಿಂದ ಯಾರಾದ್ರೂ ಸತ್ತಿದ್ದು ನಾನು ಕೇಳಿಲ್ಲ," ಅಂದಳು ಅಜ್ಜಿ.

"ಸತ್ತಿಲ್ಲಮ್ಮ," ಅಂದ ಲುಕ್ನೇರ್. "ಬದುಕಿ ನಳಿಕೇಲಿ ಉಣ್ತಿದಾಳೆ, ಅದೇ ಕಷ್ಟ." ಮಗಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದ. "ನೀನು ನೋಡಿದ್ಯಾ?"

ಅವಳು ಬೇಲಿಯ ಬಳ್ಳಿಯಿಂದ ಒಂದು ಎಲೆ ಕಿತ್ತಳು.

"ನೋಡಿದ್ದೆ ಅಂದ್ರೆ ಏನಾಗುತ್ತೆ?" ಎಂದು ಅವನೇ ಮತ್ತೆ ಕೇಳಿದ.

"ಚಿಕ್ಕದೂ ಹೋಗುತ್ತೆ. ದೊಡ್ಡದಕ್ಕೆ ಪರೀಕ್ಷೆಗೆ ಕೂರಿಸ್ತಾರೋ ಇಲ್ವೋ ಗೊತ್ತಿಲ್ಲ."

ಲುಕ್ನೇರ್ ಬೇಲಿಯ ಕಡೆ ನೋಡಿದ. ಈ ಸಲ ಬಸ್ಸಿನ ಮಾತು ಬರಲಿಲ್ಲ. "ನಿಮ್ಮಮ್ಮನ ಹತ್ತಿರ ಮಾತಾಡು," ಅಂದ.

ಗೆರ್ಲಿನ್ ಒಳಗೆ ಬಂದು ಇಸ್ತ್ರಿ ಮೇಜಿನ ಹತ್ತಿರ ನಿಂತಳು. "ಅಮ್ಮ, ನಾಳೆ ಏನು ಹೇಳ್ತೀಯ?"

"ಏನು ಹೇಳ್ಬೇಕು ಅಂತ ನನಗೆ ಗೊತ್ತಿದೆ."

"ಏನು?"

"ನೀನು ಹೋಗಿ ಓದ್ಕೋ. ನಾಳೆ ಸಂಜೆ ಕ್ಲಾಸಿದೆ ನಿನಗೆ."

ಇವ್ರೋಸ್ ಇನ್ನೊಂದು ಸಲ ಇಸ್ತ್ರಿ ಎಳೆದಳು. ನಮ್ಮ ಮಿಸ್ ನೋಡ್ತಿದಾಳೆ ಎಂದು ಮುದುಕಿಗೆ ಹೇಳಿದ ಆ ಮಾತು ಗೆರ್ಲಿನ್ ಕಿವಿಯಲ್ಲಿ ಇನ್ನೂ ಇತ್ತು. ಅದನ್ನೇ ಅಮ್ಮ ನಾಳೆಯೂ ಹೇಳಿಬಿಟ್ಟರೆ? ಬೇಕೆಂದು ಹೇಳಬೇಕಾಗಿಲ್ಲ, ಹೆಮ್ಮೆಯಿಂದಲೇ ಹೇಳಿಬಿಟ್ಟರೆ? ಅವಳು ಪುಸ್ತಕ ತೆರೆದು ಕೂತಳು. ಒಂದು ಪುಟವೂ ಮಗುಚಲಿಲ್ಲ.

ಮಿಸೆಸ್ ಹಾಲ್ಕಂಳ ಕೋಣೆಯಲ್ಲಿ ಎರಡು ಕುರ್ಚಿ ಹಾಕಿದ್ದರು. ಇವ್ರೋಸ್ ಗರಿಗರಿ ಸಮವಸ್ತ್ರದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಮಿಸೆಸ್ ಹಾಲ್ಕಂ ಮೊದಲು ಅವಳ ಕಡೆಗೇ ತಿರುಗಿ, "ಇವ್ರೋಸ್, ಅವತ್ತು ಏನಾಯ್ತು ಹೇಳು," ಅಂದಳು.

ಇವ್ರೋಸ್ ಗಂಟಲು ಸರಿಮಾಡಿಕೊಂಡಳು. ಇಂಗ್ಲಿಷಿನಲ್ಲಿ ಹೇಳಬೇಕು, ಪದ ಜೋಡಿಸಿಕೊಳ್ಳಲು ಅವಳಿಗೆ ಒಂದು ಗಳಿಗೆ ಬೇಕಿತ್ತು.

"ನನ್ನ ಮಗಳು," ಎಂದು ಶುರುಮಾಡಿದಳು.

"ನಾನು ನೋಡಲಿಲ್ಲ," ಅಂದಳು ಗೆರ್ಲಿನ್.

ಮಿಸೆಸ್ ಹಾಲ್ಕಂ ಅವಳ ಕಡೆ ತಿರುಗಿದಳು.

"ನಾನು ಔಷಧಿ ಗಾಡಿಯ ಹತ್ತಿರ ಇದ್ದೆ. ಅವರು ಸೂಪ್ ತಂದಿದ್ದೂ ಗೊತ್ತಿಲ್ಲ, ಕೊಟ್ಟಿದ್ದೂ ಗೊತ್ತಿಲ್ಲ. ನಾನು ನೋಡಲಿಲ್ಲ." ಅಮ್ಮ ಎನ್ನಲಿಲ್ಲ, ಅವರು ಎಂದಳು.

ಇವ್ರೋಸ್ ಮಗಳನ್ನು ನೋಡಿದಳು. ಮಗಳು ಮೇಜಿನ ಮೇಲಿದ್ದ ಪೆನ್ನುಗಳ ಡಬ್ಬಿ ನೋಡುತ್ತಿದ್ದಳು.

"ಹೌದಾ ಇವ್ರೋಸ್?"

"ಹೌದು," ಅಂದಳು ಇವ್ರೋಸ್. "ಅವಳು ನೋಡಲಿಲ್ಲ. ಎಲ್ಲ ನಾನೇ."

ಅವತ್ತೇ ಅವಳ ಕೆಲಸ ಹೋಯಿತು. ಕೊರಳಿನ ಕಾರ್ಡು ಬಿಚ್ಚಿಕೊಟ್ಟು, ಆಯಾಗಳ ಕೋಣೆಯಿಂದ ಚಪ್ಪಲಿ, ಸ್ವೆಟರು, ತೊಳೆಯದ ಆ ಫ್ಲಾಸ್ಕು ಎಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ಬಂದಳು. ಗೆರ್ಲಿನ್ ಕಾರು ಓಡಿಸಿದಳು. ಮನೆಯ ಹತ್ತಿರದ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು.

"ಅದನ್ನ ನಾನೇ ಹೇಳೋಳಿದ್ದೆ," ಅಂದಳು ಇವ್ರೋಸ್.

ಗೆರ್ಲಿನ್ ಎದುರಿನ ರಸ್ತೆ ನೋಡುತ್ತಿದ್ದಳು.

"ನಿನ್ನೆಯಿಂದ ಮನಸ್ಸಲ್ಲೇ ಇಂಗ್ಲಿಷಿನಲ್ಲಿ ಜೋಡಿಸಿಕೊಂಡಿದ್ದೆ. ನನ್ನ ಮಗಳು ನೋಡಲಿಲ್ಲ, ಅವಳಿಗೇನೂ ಗೊತ್ತಿಲ್ಲ, ಅವಳನ್ನ ಬಿಟ್ಟುಬಿಡಿ ಅಂತ. ಇಸ್ತ್ರಿ ಹಾಕ್ತಾ ಹಾಕ್ತಾ ಬಾಯಿಪಾಠ ಮಾಡಿದ್ದೆ. ನನ್ನ ಮಗಳು ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ನೀನು ಹೇಳಿಬಿಟ್ಟೆ."

"ಇಬ್ಬರು ಹೇಳಿದ್ದೂ ಅದೇ ತಾನೆ ಅಮ್ಮ."

"ಅದೇ ಅಲ್ಲ."

"ನೀನು ಹೇಳ್ತೀಯ ಅಂತ ನನಗೆ ಹೇಗೆ ಗೊತ್ತಾಗಬೇಕು? ಕೇಳಿದೆ, ನೀನು ಹೇಳಲಿಲ್ಲ."

"ಕೇಳಬೇಕಾಗಿತ್ತಾ?" ಅಂದಳು ಇವ್ರೋಸ್. "ನಾನು ನಿನ್ನ ಮೇಲೆ ಹೊರಿಸ್ತೀನಿ ಅಂದ್ಕೊಂಡ್ಯಾ? ನಿನ್ನ ಹೆತ್ತೋಳು ನಾನು. ಅಷ್ಟೂ ಗೊತ್ತಾಗಲಿಲ್ವಾ ನಿನಗೆ?"

ಹಿಂದಿನ ಕಾರು ಹಾರ್ನ್ ಹೊಡೆಯಿತು. ದೀಪ ಹಸಿರಾಗಿತ್ತು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಜಗಳವಾಗಲಿಲ್ಲ. ಜಗಳವಾದರೂ ಆಗಿದ್ದರೆ ಚೆನ್ನಾಗಿರುತ್ತಿತ್ತು. ಇವ್ರೋಸಳ ಹೆಸರು ಸರ್ಕಾರದ ಕಡತಕ್ಕೆ ಹೋಗಿತ್ತು, ಬೇರೆ ಯಾವ ವೃದ್ಧಾಶ್ರಮವೂ ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಕ್ಕಪಕ್ಕದವರ ಕೂಸುಗಳನ್ನು ಹಗಲು ನೋಡಿಕೊಳ್ಳುವುದು, ಚರ್ಚಿನವರ ಸಮಾರಂಭಕ್ಕೆ ಮಾಂಸದ ಕಡುಬು ಮಾಡಿಕೊಡುವುದು, ಇಷ್ಟೇ ಉಳಿಯಿತು. ಲುಕ್ನೇರನ ಸಂಬಳ ಬಾಡಿಗೆಗೆ ಹೋದರೆ ಮುಗಿಯಿತು. ಉಳಿದದ್ದೆಲ್ಲ ಚಿಕ್ಕ ಲೈಸೆನ್ಸೇ ತೂಗಿಸಬೇಕಾಯಿತು. ಗೆರ್ಲಿನ್ ವಾರದ ದಿನಗಳಲ್ಲೂ ಡ್ಯೂಟಿ ಕೇಳಿಕೊಂಡಳು. ಅದೇ ವಾರ್ಡು. ಮದಾಮ್ ಓಸ್ನೆಲ್ ಆಸ್ಪತ್ರೆಯಿಂದ ವಾಪಸು ಬಂದಿದ್ದಳು. ನಳಿಕೆಗೆ ಹಾಲಿನಂಥದನ್ನು ಸುರಿಯುವುದು ಈಗ ಗೆರ್ಲಿನ್ ಕೆಲಸ. ಸುರಿಯುವಷ್ಟು ಹೊತ್ತೂ ಮುದುಕಿ ಅವಳ ಮುಖವನ್ನೇ ನೋಡುತ್ತಿದ್ದಳು. ಉಳಿದಿದ್ದ ನಾಲ್ಕೈದು ಪದಗಳಲ್ಲಿ ಒಂದನ್ನೂ ಅವಳಿಗೆ ಆಡುತ್ತಿರಲಿಲ್ಲ.

ಫೆಬ್ರವರಿಯ ಒಂದು ಸಂಜೆ ಗೆರ್ಲಿನ್ ಊಟದ ಮೇಜಿನಲ್ಲಿ ಹೇಳಿದಳು: "ಈ ಟರ್ಮ್ ಬಿಡ್ತೀನಿ. ಒಂದೇ ಒಂದು."

ಲುಕ್ನೇರ್ ಬಾಯಲ್ಲಿದ್ದ ತುತ್ತನ್ನು ಬಹಳ ಹೊತ್ತು ಅಗಿದ. ಆಮೇಲೆ ಎದ್ದು ಮಗಳ ತಲೆ ಸವರಿ ಹಿತ್ತಿಲಿಗೆ ಹೋದ. ಅವನು ಜಿಸ್ಲೆನ್ ಮಗಳ ಹೆಸರು ಎತ್ತಿದ್ದರೆ ಗೆರ್ಲಿನ್ ಜಗಳವಾದರೂ ಆಡುತ್ತಿದ್ದಳು.

ಆಮೇಲಿನ ಭಾನುವಾರ ಡ್ಯೂಟಿ ಮುಗಿಸಿ ಬಂದಾಗ ಮನೆಯೆಲ್ಲ ಕುಂಬಳದ ವಾಸನೆ ಇತ್ತು. ಹೊಸ ವರ್ಷದ ಮೇಲೆ ಇವ್ರೋಸ್ ಸೂಪು ಮಾಡಿದ್ದು ಅದೇ ಮೊದಲು. ಗೆರ್ಲಿನ್‌ಗೆ ಎದೆ ಹಗುರವಾಯಿತು. ಬೂಟು ಬಿಚ್ಚಿ, ಕೈ ತೊಳೆದು ನೇರ ಒಲೆಯ ಹಿಂದೆ ನೋಡಿದಳು. ಬಟ್ಟಲು ಇರಲಿಲ್ಲ. ದೊಡ್ಡ ಪಾತ್ರೆ ಸಿಂಕಿನಲ್ಲಿತ್ತು, ಖಾಲಿ. ಅಜ್ಜಿ ಮೇಜಿನ ಹತ್ತಿರ ಕೂತು ಹಲ್ಲಿನ ಸಂದಿಯಿಂದ ಮಾಂಸದ ಎಳೆ ತೆಗೆಯುತ್ತಿದ್ದಳು. ಇವ್ರೋಸ್ ಪಕ್ಕದ ಮನೆಯ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು.

"ಅಮ್ಮ, ಸೂಪ್ ಇಲ್ವಾ?"

"ಇತ್ತು," ಅಂದಳು ಇವ್ರೋಸ್. ಕೂಸಿನ ಬೆನ್ನು ತಟ್ಟುವುದನ್ನು ನಿಲ್ಲಿಸಲಿಲ್ಲ. "ನೀವು ನೋಡದೇ ಇದ್ದಾಗ ಕುಡಿದುಬಿಟ್ವಿ, ಮಿಸ್."

ಅಜ್ಜಿ ಹಲ್ಲುಕಡ್ಡಿ ಕೆಳಗಿಟ್ಟಳು. ಸೊಸೆಯ ಮುಖ ನೋಡಿದಳು. ಗೆರ್ಲಿನ್ ತೋಳು ಮಡಚಿ, ಸಿಂಕಿನಲ್ಲಿದ್ದ ಪಾತ್ರೆಗೆ ನೀರು ಬಿಟ್ಟು ತಿಕ್ಕತೊಡಗಿದಳು.